ನನ್ನ ಮರುಮದುವೆಯ ಸುದ್ದಿ ಓಣಿಗೆಲ್ಲ ಯಾಕೆ ಗೊತ್ತಾಗಬೇಕು?

ಪ್ರಶ್ನೆ: ನನಗೆ 33 ವರ್ಷ. ಕಲಬುರಗಿಯಲ್ಲಿ ಅಮ್ಮನ ಜೊತೆ ಇದ್ದೇನೆ, ಹತ್ತಿರದ ತಾಲೂಕಿನ ಶಾಲೆಯಲ್ಲಿ ಶಿಕ್ಷಕಿ. ಇಬ್ಬರ ಒಪ್ಪಿಗೆಯ ಮೇಲೆ ಡೈವೋರ್ಸ್ ಆಗಿ ಎರಡು ವರ್ಷವಾಯಿತು. ಆರು ವರ್ಷದ ಮಗಳು ನನ್ನ ಹತ್ತಿರವೇ ಇದ್ದಾಳೆ. ಮತ್ತೆ ಮದುವೆಯಾಗುವ ಮನಸ್ಸಿದೆ. ಆದರೆ ಅಮ್ಮ ಪರಿಚಯದ ಮಧ್ಯಸ್ಥರೊಬ್ಬರಿಗೆ ನನ್ನ ಫೋಟೋ, ಬಯೋಡೇಟಾ ಕೊಟ್ಟರು. ಅವರು ಅದನ್ನು 'ಇನೋಸೆಂಟ್ ಡೈವೋರ್ಸಿ' ಎಂದು ಬರೆದು ಮೂರ್ನಾಲ್ಕು ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟರು. ಎರಡೇ ದಿನಕ್ಕೆ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ಎಲ್ಲರೆದುರು "ಏನ್ರಿ ಮೇಡಂ, ಗಂಡ ನೋಡ್ಲಿಕತ್ತೀರಂತಲ್ಲ" ಎಂದರು. ಅವತ್ತಿನಿಂದ ನನಗೆ ಇದೆಲ್ಲ ಬೇಡವೇ ಬೇಡ ಅನ್ನಿಸಿದೆ. ಗುಟ್ಟಾಗಿ, ಮರ್ಯಾದೆಯಿಂದ ಸಂಬಂಧ ನೋಡುವುದು ನಮ್ಮ ಊರಲ್ಲಿ ಸಾಧ್ಯವೇ? ಹಳೆಯ ಮದುವೆಯ ವಿಷಯ ಯಾರಿಗೆ, ಎಷ್ಟು ಹೇಳಬೇಕು? ಮಗಳು ಕೇಳಿದರೆ ಏನು ಹೇಳಲಿ?

ಉತ್ತರ: ಸಾಧ್ಯ. ಮೊದಲು ಅದನ್ನೇ ಹೇಳಿಬಿಡುತ್ತೇನೆ. ಕಲಬುರಗಿ ಹೆಸರಿಗೆ ದೊಡ್ಡ ಊರು, ಸಂಬಂಧದ ಮಾತು ಬಂದರೆ ಒಂದೇ ಓಣಿ. ಸೂಪರ್ ಮಾರ್ಕೆಟ್‌ನಲ್ಲಿ ಸೀರೆ ಆರಿಸುತ್ತಾ ನಿಂತವರಿಗೆ ಆಳಂದ ನಾಕಾದ ಮನೆಯೊಳಗಿನ ಸುದ್ದಿ ಗೊತ್ತಿರುತ್ತದೆ. ಆದರೂ ಇದೇ ಊರಲ್ಲಿ, ಯಾರ ಬಾಯಿಗೂ ಬೀಳದೆ ಮಾತುಕತೆ ಮುಗಿಸಿ, ನಂತರ ಎಲ್ಲರನ್ನೂ ಕರೆದು ಊಟ ಹಾಕಿ ಮದುವೆಯಾದ ಹೆಣ್ಣುಮಕ್ಕಳನ್ನು ನಾನು ಕುಟುಂಬ ಸಲಹೆಯ ಈ ಕೆಲಸದಲ್ಲಿ ಹತ್ತಿರದಿಂದ ನೋಡಿದ್ದೇನೆ.

ನೀವು ಕೇಳಿದ ಮೂರು ಪ್ರಶ್ನೆಗೂ ಬೇರು ಒಂದೇ. ಗುಟ್ಟು ಬೇರೆ, ಮುಚ್ಚಿಡುವುದು ಬೇರೆ. ಓಣಿಗೆ ಹೇಳದೆ ಇರುವುದು ನಿಮ್ಮ ಹಕ್ಕು. ಮದುವೆಯಾಗುವವನಿಗೆ ಹೇಳದೆ ಇರುವುದು ಮೋಸ. ನಮ್ಮ ಕಡೆ ಬಹಳ ಮನೆಗಳಲ್ಲಿ ಇದು ಉಲ್ಟಾ ನಡೆಯುತ್ತದೆ. ಗ್ರೂಪಿನಲ್ಲಿರುವ ಇನ್ನೂರು ಜನಕ್ಕೆ ಫೋಟೋ, ಫೋನ್ ನಂಬರ್, ಡೈವೋರ್ಸಿನ ಕಾರಣ ಎಲ್ಲ ಹೋಗುತ್ತದೆ. ನಾಳೆ ಜೊತೆಗೆ ಬಾಳಬೇಕಾದ ಮನುಷ್ಯನಿಗೆ ಮಾತ್ರ "ಅದೆಲ್ಲ ಈಗ ಹೇಳಬ್ಯಾಡ, ಮದುವಿ ಆಗ್ಲಿ ಮೊದ್ಲ" ಎನ್ನುತ್ತಾರೆ.

ಈ ಮುಚ್ಚಿಡುವ ರೂಢಿ ಎಲ್ಲಿಂದ ಬಂತು ಎಂದು ಯೋಚಿಸಿದಾಗಲೆಲ್ಲ ನನಗೆ ನಮ್ಮ ಅಜ್ಜಿಯ ತಂಗಿ ನೆನಪಾಗುತ್ತಾರೆ. ನಮ್ಮ ಭಾಗದಲ್ಲಿ ಮರುಮದುವೆ ಹೊಸದಲ್ಲ, ಗೊತ್ತಲ್ವಾ. ಎಷ್ಟೋ ಸಮುದಾಯಗಳಲ್ಲಿ 'ಉಡಿಕಿ' ಮೊದಲಿನಿಂದಲೂ ಇತ್ತು. ಗಂಡ ಸತ್ತವಳಿಗೆ, ಬಿಟ್ಟುಬಂದವಳಿಗೆ ಹೊಸ ಸೀರೆ ಉಡಿಸಿ ಇನ್ನೊಂದು ಮನೆಗೆ ಕಳಿಸುತ್ತಿದ್ದರು. ಆದರೆ ರಾತ್ರಿ ಹೊತ್ತು. ಬಾಜಾಬಜಂತ್ರಿ ಇಲ್ಲ, ಹಂದರ ಇಲ್ಲ. ಚಿಂಚೋಳಿ ಕಡೆಯ ಹಳ್ಳಿಯಲ್ಲಿ ತನ್ನ ತಂಗಿಯ ಉಡಿಕಿ ಹೇಗಾಯಿತೆಂದು ಅಜ್ಜಿ ಹೇಳುತ್ತಿದ್ದಳು. ಒಂದು ಕಂದೀಲು, ಮಡಿಕೆ ಬಿಚ್ಚದ ಒಂದು ಹಸಿರು ಸೀರೆ, ಹಿತ್ತಲ ಬಾಗಿಲ ಹತ್ತಿರ ನಿಂತ ಎತ್ತಿನ ಗಾಡಿ. ಕೋಳಿ ಕೂಗುವ ಮೊದಲೇ ಗಾಡಿ ಊರು ದಾಟಬೇಕಿತ್ತಂತೆ. ಎತ್ತಿನ ಕೊರಳ ಗೆಜ್ಜೆಯನ್ನೂ ಬಿಚ್ಚಿಟ್ಟಿದ್ದರು, ಸಪ್ಪಳ ಆಗಬಾರದು ಅಂತ. ಮದುವೆಗೆ ಅವಕಾಶ ಇತ್ತು, ಬೆಳಕಿಗೆ ಇರಲಿಲ್ಲ. ನೀವು ಕೇಳುತ್ತಿರುವ ಗುಟ್ಟು ಆ ಕತ್ತಲು ಅಲ್ಲ. ಅದನ್ನು ನಿಮ್ಮ ಅಮ್ಮನಿಗೂ ಬಿಡಿಸಿ ಹೇಳಿ, ಯಾಕೆಂದರೆ ಅವರ ತಲೆಯಲ್ಲಿ ಎರಡೂ ಕಲಸಿಹೋಗಿರಬಹುದು.

ಈಗ ತುರ್ತಿನ ಕೆಲಸ. ಆ ಮಧ್ಯಸ್ಥರಿಗೆ ಇವತ್ತೇ ಒಂದು ಮೆಸೇಜ್ ಹಾಕಿ. ಫೋನಿನಲ್ಲಿ ಹೇಳಿದರೆ ಸಾಲದು, ಬರಹದಲ್ಲಿ ಇರಲಿ. "ನನ್ನ ಫೋಟೋ, ಬಯೋಡೇಟಾ ಹಂಚಲು ನಾನು ಒಪ್ಪಿಗೆ ಕೊಟ್ಟಿಲ್ಲ. ಹಾಕಿದ ಎಲ್ಲ ಗ್ರೂಪಿನಿಂದ ತೆಗೆಸಿ, ಯಾವ ಯಾವ ಗ್ರೂಪಿಗೆ ಹಾಕಿದ್ದೀರಿ ಎಂದು ಹೇಳಿ." ಇಷ್ಟೇ ಸಾಕು, ಜಗಳ ಬೇಡ. ಗ್ರೂಪಿನ ಅಡ್ಮಿನ್‌ಗೆ ಬೇರೆಯವರು ಹಾಕಿದ ಮೆಸೇಜ್ ಅಳಿಸುವ ಅವಕಾಶ ಇರುತ್ತದೆ, ಅವರಿಗೂ ಬರೆಯಿರಿ. ಅಪರಿಚಿತರಿಂದ ಕೆಟ್ಟ ಮೆಸೇಜ್ ಬಂದರೆ, ಫೋಟೋವನ್ನು ಬೇರೆ ರೀತಿ ಬಳಸಿಕೊಂಡರೆ, ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸಿಇಎನ್ ಠಾಣೆಗೆ, ಅಂದರೆ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಪೊಲೀಸ್ ಠಾಣೆಗೆ ಹೋಗಿ. ಹಣ ಕಳೆದುಕೊಂಡಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮನಸ್ಸಿಗೆ ಜಾಸ್ತಿ ಆದರೆ ಮಹಿಳಾ ಸಹಾಯವಾಣಿ 181 ಇದೆ.

ಸ್ಟಾಫ್ ರೂಮಿನ ಮಾತಿಗೆ ಬರುತ್ತೇನೆ. ಇನ್ನೊಮ್ಮೆ ಯಾರಾದರೂ ಕೇಳಿದರೆ "ಅದು ನಮ್ಮ ಮನೆ ವಿಷಯ ರೀ" ಎಂದು ನೇರವಾಗಿ ಹೇಳಿ ಪುಸ್ತಕ ತೆಗೆದುಕೊಂಡು ಕ್ಲಾಸಿಗೆ ಹೋಗಿ. ಸಮಜಾಯಿಷಿ ಕೊಡಲು ನಿಂತರೆ ಪ್ರಶ್ನೆ ಮುಗಿಯುವುದೇ ಇಲ್ಲ. ನಿಮಗೆ ಒಂದು ವಿಷಯ ಗೊತ್ತಿರಲಿ. ಹಿಂದೂ ವಿವಾಹ ಕಾಯ್ದೆಯ 22ನೇ ಕಲಮಿನ ಪ್ರಕಾರ ನಿಮ್ಮಂಥ ಕೇಸು ಕೋರ್ಟಿನಲ್ಲೇ ಮುಚ್ಚಿದ ಬಾಗಿಲೊಳಗೆ ನಡೆಯಬೇಕು, ಅಲ್ಲಿ ನಡೆದದ್ದನ್ನು ಅಚ್ಚು ಹಾಕಿದರೆ 1000 ರೂಪಾಯಿವರೆಗೆ ದಂಡ ಇದೆ. ನ್ಯಾಯಾಧೀಶರೇ ಬಾಗಿಲು ಹಾಕಿಕೊಂಡು ಕೇಳಿದ ಮಾತನ್ನು ನೀವು ಸ್ಟಾಫ್ ರೂಮಿನಲ್ಲಿ ಹೇಳಬೇಕಿಲ್ಲ.

'ಇನೋಸೆಂಟ್ ಡೈವೋರ್ಸಿ' ಪದದ ಮೇಲೆ ನನಗೆ ಸಿಟ್ಟಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಕೆಲವರು ಇದನ್ನು 'ಮದುವೆಯಾಗಿ ಸ್ವಲ್ಪ ದಿನ ಮಾತ್ರ ಇದ್ದಳು, ಗಂಡನ ಜೊತೆ ಸಂಸಾರ ಮಾಡಿಲ್ಲ' ಎನ್ನುವ ಅರ್ಥದಲ್ಲಿ ಬರೆಯುತ್ತಾರೆ. ಇನ್ನು ಕೆಲವರಿಗೆ 'ತಪ್ಪು ನಮ್ಮ ಹುಡುಗಿಯದಲ್ಲ' ಎಂದು ಹೇಳಬೇಕಿರುತ್ತದೆ. ಎರಡರಲ್ಲೂ ಒಂದೇ ಕೆಡುಕು. ಈ ಪದ ಹಾಕಿದ ಕೂಡಲೇ ಉಳಿದ ಡೈವೋರ್ಸಿ ಹೆಣ್ಣುಮಕ್ಕಳೆಲ್ಲ ತಪ್ಪಿತಸ್ಥರಾಗುತ್ತಾರೆ. ನೀವು ಮದುವೆಯಾಗಿದ್ದಿರಿ, ಸಂಸಾರ ಮಾಡಿದಿರಿ, ಒಂದು ಮಗು ಹೆತ್ತಿರಿ, ಆಗಲಿಲ್ಲ, ಕಾನೂನಿನ ದಾರಿಯಲ್ಲಿ ಹೊರಗೆ ಬಂದಿರಿ. ಅದಕ್ಕೆ ಸರ್ಟಿಫಿಕೇಟ್ ಯಾರೂ ಕೊಡಬೇಕಿಲ್ಲ. ಬಯೋಡೇಟಾದಲ್ಲಿ 'ವಿಚ್ಛೇದಿತೆ, ಒಬ್ಬ ಮಗಳಿದ್ದಾಳೆ, ಮಗಳು ಜೊತೆಗೇ ಇರುತ್ತಾಳೆ' ಎಂದು ಬರೆದರೆ ಮುಗಿಯಿತು. ಈ ಒಂದು ಸಾಲು ಓದಿ ಅರ್ಧ ಜನ ಹಿಂದೆ ಸರಿಯುತ್ತಾರೆ, ಸರಿಯಲಿ. ಅವರನ್ನು ಮನೆಗೆ ಕರೆಸಿ ಚಹಾ ಕೊಟ್ಟು ಆಮೇಲೆ ನೋವು ತಿನ್ನುವುದಕ್ಕಿಂತ ಇದು ಎಷ್ಟೋ ಮೇಲು.

ಬಯೋಡೇಟಾ ಎರಡು ಹಾಳೆ ಮಾಡಿ. ಮೊದಲ ಹಾಳೆಯಲ್ಲಿ ಹೆಸರು ಬೇಡ, ಫೋಟೋ ಬೇಡ, ಶಾಲೆಯ ಹೆಸರು ಬೇಡ, ಫೋನ್ ನಂಬರ್ ಬೇಡ. ವಯಸ್ಸು, ಓದು, ಕೆಲಸದ ಬಗೆ, ಜಿಲ್ಲೆ, ಮಗಳ ವಿಷಯ, ನಿಮಗೆ ಎಂಥ ಮನುಷ್ಯ ಬೇಕು ಎನ್ನುವುದು ಇರಲಿ. ಹೊರಗೆ ಹೋಗುವುದು ಇದೊಂದೇ. ಇದು ಯಾವ ಗ್ರೂಪಿಗೆ ಹೋದರೂ ನಿಮ್ಮನ್ನು ಯಾರೂ ಗುರುತು ಹಿಡಿಯಲಾರರು. ಎರಡನೇ ಹಾಳೆಯಲ್ಲಿ ಹೆಸರು, ಮನೆತನ, ಕೆಲಸದ ಜಾಗ ಇರುತ್ತದೆ. ಅದು ಹುಡುಗನ ಕಡೆಯವರು ತಮ್ಮ ಪೂರ್ತಿ ವಿವರ ಕೊಟ್ಟ ಮೇಲೆ, ನೀವು ಓದಿ ಹೂಂ ಎಂದ ಮೇಲೆ ಮಾತ್ರ. ಫೋಟೋ ಕೊನೆಗೆ. ವಾಟ್ಸಾಪ್‌ನಲ್ಲಿ ಒಂದೇ ಸಲ ನೋಡಿ ಮಾಯವಾಗುವ ಹಾಗೆ ಕಳಿಸಬಹುದು, ಆದರೆ ಇನ್ನೊಂದು ಫೋನ್ ಹಿಡಿದು ಫೋಟೋ ತೆಗೆದುಕೊಳ್ಳುವವರನ್ನು ಅದು ತಡೆಯುವುದಿಲ್ಲ. ನನ್ನನ್ನು ಕೇಳಿದರೆ, ನಿಮ್ಮ ಕಡೆಯ ಒಬ್ಬರು ಹೋಗಿ ತಮ್ಮ ಫೋನಿನಲ್ಲಿ ತೋರಿಸಿ ಬರಲಿ. ಮ್ಯಾಟ್ರಿಮನಿ ಆ್ಯಪ್ ಬಳಸುವುದಾದರೂ ಹೀಗೆಯೇ, ಫೋಟೋ ಎಲ್ಲರಿಗೂ ಕಾಣದ ಹಾಗೆ ಸೆಟ್ಟಿಂಗ್ ಇಟ್ಟು, ಇದಕ್ಕೆಂದೇ ಬೇರೆ ಸಿಮ್ ತೆಗೆದುಕೊಳ್ಳಿ. ಮಕ್ಕಳ ಪೋಷಕರಿಗೆ ಗೊತ್ತಿರುವ ನಂಬರ್ ಅಲ್ಲಿ ಬೇಡ.

ನಂಬರ್ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿದ್ದೇನೆ. ಕೆಲಸ ಶುರು ಮಾಡಿದ ಹೊಸದರಲ್ಲಿ, ಒಬ್ಬ ಹೆಣ್ಣುಮಗಳ ನಂಬರನ್ನು ಅವಳನ್ನು ಕೇಳದೆ ಒಂದು ಮನೆಯವರಿಗೆ ಕೊಟ್ಟೆ. ಒಳ್ಳೆಯ ಮನೆತನ, ಬೇಗ ಮಾತಾಡಿಕೊಳ್ಳಲಿ ಅಂದುಕೊಂಡೆ. ಆ ಹುಡುಗ ರಾತ್ರಿ 11 ಗಂಟೆಗೆ ಫೋನ್ ಮಾಡಿ, ಮೊದಲ ಗಂಡ ಯಾಕೆ ಬಿಟ್ಟ ಎಂದು ಕೇಳಿದ. ನಂತರ ದಿನವೂ ಫೋನ್. ಅವಳು ಅಳಲಿಲ್ಲ, ನನ್ನ ಎದುರು ಬಂದು ಕೂತು "ನೀವೂ ಹಂಗೇ ಮಾಡಿದ್ರಲ್ರೀ" ಎಂದಳು. ಆ ಮಾತು ನನ್ನಿಂದ ಇನ್ನೂ ಹೋಗಿಲ್ಲ. ಅದಾದ ಮೇಲೆ ನಾನು ಯಾರ ನಂಬರನ್ನೂ ಅವರ ಬಾಯಿಂದ ಹೂಂ ಅನ್ನಿಸಿಕೊಳ್ಳದೆ ಕೊಟ್ಟಿಲ್ಲ, ಅವರ ತಾಯಿ ಕೊಡಿ ಎಂದರೂ ಕೊಟ್ಟಿಲ್ಲ.

ಹಾಗಾಗಿ ಮಾತು ತರುವುದಕ್ಕೆ, ಒಯ್ಯುವುದಕ್ಕೆ ಒಬ್ಬರೇ ಇರಲಿ. ಒಬ್ಬರೇ. ನಿಮ್ಮ ಓಣಿಯವರಲ್ಲದ, ನಿಮ್ಮ ಶಾಲೆಗೆ ಸಂಬಂಧವಿಲ್ಲದ, ಬಾಯಿ ಬಿಗಿ ಇರುವ ಒಬ್ಬ ಅತ್ತಿಗೆಯೋ ಸೋದರಮಾವನೋ ಹಳೆಯ ಗೆಳತಿಯೋ ಇದ್ದೇ ಇರುತ್ತಾರೆ. ಅಮ್ಮನಿಗೆ ಎಲ್ಲ ಹೇಳಿ, ಆದರೆ ಹುಡುಕುವ ಕೆಲಸ ಅವರಿಗೆ ಬೇಡ. ಅಮ್ಮಂದಿರ ಆತಂಕ ನನಗೆ ಗೊತ್ತು. ತಾನು ಇರುವಷ್ಟರಲ್ಲಿ ಮಗಳಿಗೆ ಒಂದು ನೆಲೆಯಾಗಲಿ ಅಂತ ಯಾರು ಕೈ ಚಾಚಿದರೂ ಫೋಟೋ ಕೊಟ್ಟುಬಿಡುತ್ತಾರೆ. ಮೊದಲೇ ದುಡ್ಡು ಕೇಳುವ ಮಧ್ಯಸ್ಥರನ್ನು ದೂರ ಇಡಿ. ದೂರದ ಸಂಬಂಧವನ್ನೂ ನೋಡಿ. ಬೀದರ್, ಹುಮನಾಬಾದ್, ಸೋಲಾಪುರ, ವಿಜಯಪುರ, ಹೈದರಾಬಾದ್ ಯಾವುದೂ ನಮಗೆ ದೂರವಲ್ಲ. 2017ರಲ್ಲಿ ಬೀದರ್–ಕಲಬುರಗಿ ರೈಲು ಶುರುವಾದ ಮೇಲಂತೂ ಬೆಳಿಗ್ಗೆ ಹೋಗಿ ನೋಡಿಕೊಂಡು ಸಂಜೆಗೆ ಮನೆಗೆ ಬರಬಹುದು. ಹುಡುಗನ ಊರು ಬೇರೆಯಾದರೆ ಅರ್ಧ ಗುಟ್ಟು ತಾನಾಗಿಯೇ ಉಳಿಯುತ್ತದೆ.

ಕಾಗದದ ಮಾತು ಸ್ವಲ್ಪ ಒಣ, ಆದರೆ ಇಲ್ಲಿ ಎಡವಿದರೆ ಮದುವೆಯೇ ಕಾನೂನಿನ ಎದುರು ನಿಲ್ಲುವುದಿಲ್ಲ. ನಿಮ್ಮದು ಒಪ್ಪಿಗೆಯ ಡೈವೋರ್ಸ್. 1984ರ ಕುಟುಂಬ ನ್ಯಾಯಾಲಯ ಕಾಯ್ದೆಯ 19ನೇ ಕಲಮಿನಂತೆ ಒಪ್ಪಿಗೆಯ ಡಿಕ್ರಿಯ (ಕೋರ್ಟಿನ ಅಂತಿಮ ಆದೇಶದ) ಮೇಲೆ ಮೇಲ್ಮನವಿ ಇಲ್ಲ. ಆದ್ದರಿಂದ ನಿಮಗೆ ಕಾಯುವ ಪ್ರಶ್ನೆಯೇ ಇಲ್ಲ. ಡೈವೋರ್ಸ್ ಆಗಿ ಒಂದು ವರ್ಷ ಮದುವೆಯಾಗಬಾರದು ಎಂದು ಇನ್ನೂ ಹೇಳುವವರಿದ್ದಾರೆ. ಆ ನಿಯಮ ಒಂದು ಕಾಲಕ್ಕೆ ಇತ್ತು, 1976ರಲ್ಲೇ ತೆಗೆದುಹಾಕಿದರು. ಜಗಳಾಡಿ ಬಂದ ಡಿಕ್ರಿಯಾದರೆ ಮಾತು ಬೇರೆ. ಎದುರಿನವರಿಗೆ ಮೇಲ್ಮನವಿಗೆ ಹೋಗುವ ಸಮಯ ಇರುತ್ತದೆ, ಒಂದು ಕಾಯ್ದೆ 30 ದಿನ ಎನ್ನುತ್ತದೆ, ಇನ್ನೊಂದು 90 ದಿನ. ನಾನು ಎಲ್ಲರಿಗೂ 90 ದಿನ ದಾಟಲಿ ಎಂದೇ ಹೇಳುತ್ತೇನೆ, ದಾಟಿದ ಮೇಲೆ ನಮ್ಮ ಕಲಬುರಗಿ ಹೈಕೋರ್ಟ್ ಪೀಠದಲ್ಲಿ ಮೇಲ್ಮನವಿ ಬಿದ್ದಿಲ್ಲ ಎಂದು ವಕೀಲರಿಂದ ನೋಡಿಸಿ ಮುಂದುವರಿಯಿರಿ. ಡಿಕ್ರಿಯ ಸರ್ಟಿಫೈಡ್ ಕಾಪಿ ಎರಡು ತೆಗೆಸಿ ಇಟ್ಟುಕೊಳ್ಳಿ.

ಇದೇ ಕಾಗದವನ್ನು ಹುಡುಗನಿಂದಲೂ ಕೇಳಬೇಕು, ಕೇಳಲು ಸಂಕೋಚ ಬೇಡವೇ ಬೇಡ. ನಮ್ಮ ಹಳ್ಳಿಗಳ ಕಡೆ ಪಂಚರು ಕೂತು ಬಾಂಡ್ ಪೇಪರ್ ಮೇಲೆ 'ಸೋಡಚೀಟಿ' ಬರೆಸಿ, ನೋಟರಿ ಸಿಕ್ಕೆ ಹೊಡೆಸಿ, ಡೈವೋರ್ಸ್ ಆಯಿತು ಎನ್ನುತ್ತಾರೆ. ಯಾವುದಾದರೂ ಸಮುದಾಯದಲ್ಲಿ ಹಿಂದಿನಿಂದ ಬಂದ ರೂಢಿ ಇದ್ದರೆ ಕಾನೂನು ಅದನ್ನು ಒಪ್ಪುತ್ತದೆ, ಆದರೆ ಆ ರೂಢಿಯನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕು, ಅದು ಸುಲಭವಲ್ಲ. ಬರೀ ಬಾಂಡ್ ಪೇಪರ್ ನಂಬಿ ಮದುವೆಯಾದರೆ, ಹಳೆಯ ಹೆಂಡತಿ ಕೋರ್ಟಿಗೆ ಬಂದ ದಿನ ನಿಮ್ಮ ಮದುವೆ ಮದುವೆಯೇ ಅಲ್ಲ ಎಂದಾಗಬಹುದು. ಹೆಂಡತಿ ತೀರಿಕೊಂಡವನಾದರೆ ಮರಣ ಪ್ರಮಾಣಪತ್ರ ನೋಡಿ. ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಯಾರೂ ಇದನ್ನು ಬಿಡಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಪುಕ್ಕಟೆ ನೆರವು ಸಿಗುತ್ತದೆ, 1987ರ ಕಾಯ್ದೆಯೇ ಹಾಗೆ ಹೇಳುತ್ತದೆ. ಫೋನ್ ಮಾಡಲು 15100.

ಮುಸ್ಲಿಂ ಅಕ್ಕತಂಗಿಯರೂ ನನಗೆ ಇದೇ ಪ್ರಶ್ನೆ ಕೇಳುತ್ತಾರೆ. ಅವರಿಗೆ ಇಷ್ಟು ಹೇಳುತ್ತೇನೆ. ಇದ್ದತ್, ಅಂದರೆ ಬಿಡುಗಡೆಯ ನಂತರ ಕಾಯಬೇಕಾದ ಅವಧಿ ಮುಗಿಯಲಿ, ಖುಲಾ (ಹೆಂಡತಿಯೇ ಕೇಳಿ ಪಡೆಯುವ ಬಿಡುಗಡೆ) ಅಥವಾ ತಲಾಖಿನ ಕಾಗದ ಕೈಯಲ್ಲಿರಲಿ. ಒಂದೇ ಉಸಿರಿಗೆ ಮೂರು ಸಲ ತಲಾಖ್ ಹೇಳಿ ಕಳಿಸಿದ್ದರೆ ಅದು ಡೈವೋರ್ಸ್ ಅಲ್ಲ, ಸುಪ್ರೀಂ ಕೋರ್ಟ್ 2017ರಲ್ಲಿ ಅದನ್ನು ರದ್ದು ಮಾಡಿದೆ, 2019ರಿಂದ ಅದು ಅಪರಾಧ. ಅಂಥ ಮಾತನ್ನು ನಂಬಿ ಇನ್ನೊಂದು ನಿಕಾಹ್ ಮಾಡಿಕೊಳ್ಳಬೇಡಿ. ಗಂಡ ಬಿಡುವುದೂ ಇಲ್ಲ, ಬಾಳಿಸುವುದೂ ಇಲ್ಲ ಎಂದಾದರೆ 1939ರ ಕಾಯ್ದೆಯಡಿ ಕೋರ್ಟಿನಿಂದಲೇ ಬಿಡುಗಡೆ ಪಡೆಯಬಹುದು.

ಇನ್ನು ಭೇಟಿ. ಮನೆಗೆ ಹದಿನಾಲ್ಕು ಜನ ಬಂದು, ಉಪ್ಪಿಟ್ಟು ಚಹಾ ಆಗಿ, ಪಕ್ಕದ ಮನೆಯವರು ಕಿಟಕಿಯಿಂದ ಲೆಕ್ಕ ಹಾಕುವುದು ಬೇಡ. ಬೇರೆ ಬಡಾವಣೆಯಲ್ಲಿರುವ ನೆಂಟರ ಮನೆ, ಸೇಡಂ ರೋಡ್ ಕಡೆಯ ಯಾವುದಾದರೂ ಹೋಟೆಲಿನ ಫ್ಯಾಮಿಲಿ ರೂಮ್, ಇಲ್ಲದಿದ್ದರೆ ಬುದ್ಧ ವಿಹಾರದ ಆವರಣ. ಹಗಲು ಹೊತ್ತು, ಎರಡೂ ಕಡೆಯಿಂದ ಇಬ್ಬಿಬ್ಬರು. ಅರ್ಧ ಗಂಟೆ ನೀವಿಬ್ಬರೇ ಮಾತಾಡಲು ಬಿಡಬೇಕು, ಇದನ್ನು ಮೊದಲೇ ಹೇಳಿರಿ. ಏಪ್ರಿಲ್–ಮೇನಲ್ಲಾದರೆ ನಮ್ಮ ಬಿಸಿಲಲ್ಲಿ ಹನ್ನೊಂದರ ಮೇಲೆ ಯಾರನ್ನೂ ಹೊರಗೆ ಕರೆಯಬೇಡಿ, ಬೆಳಿಗ್ಗೆಯೇ ಮುಗಿಸಿ.

ಅವರು ಮೊದಲು ಏನು ಕೇಳುತ್ತಾರೆ ಎಂದು ಗಮನ ಇಡಿ. ನಾನು ಎರಡು ಮನೆಯವರನ್ನು ಒಂದೇ ವಾರದಲ್ಲಿ ನೋಡಿದ್ದೆ. ಒಂದು ಮನೆಯವರು ಹೆಣ್ಣಿನ ಹೆಸರು ಕೇಳುವ ಮೊದಲೇ "ಕೂಸಿನ್ನ ತವರಿನ್ಯಾಗ ಬಿಟ್ಟು ಬರ್ತಾಳೇನ್ರಿ?" ಎಂದರು. ಮಾತು ಅಲ್ಲೇ ಮುಗಿಯಿತು. ಇನ್ನೊಬ್ಬ ಹುಮನಾಬಾದ್ ಕಡೆಯವನು, ಅವನಿಗೂ ಡೈವೋರ್ಸ್ ಆಗಿತ್ತು. ಒಳಗೆ ಬಂದು ಕೂತು, ಚಹಾ ಬರುವ ಮೊದಲೇ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಟೇಬಲ್ ಮೇಲೆ ಇಟ್ಟ. ಅದರಲ್ಲಿ ಕೋರ್ಟಿನ ಡಿಕ್ರಿ, ಸಂಬಳದ ಚೀಟಿ, ಮನೆ ಸಾಲದ ಪಾಸ್‌ಬುಕ್ ಇದ್ದವು. "ಮೊದ್ಲ ನಂದು ನೋಡ್ರಿ. ಆಮ್ಯಾಲ ನಿಮ್ದು ಕೇಳ್ತೀನಿ" ಎಂದ. ಹುಡುಗಿಯ ತಾಯಿ ಅಲ್ಲಿಯವರೆಗೂ ಸೆರಗಿನ ತುದಿಯನ್ನು ಸುತ್ತುವುದು, ಬಿಚ್ಚುವುದು ಮಾಡುತ್ತಾ ಕೂತಿದ್ದರು. ಅವರ ಕೈ ನಿಂತಿತು. ಆ ಹುಡುಗಿ ತಲೆ ಎತ್ತಿ ಮೊದಲ ಸಲ ಅವನ ಮುಖ ನೋಡಿದಳು. ಮದುವೆಯಾಗಿ ಈಗ ಚೆನ್ನಾಗಿದ್ದಾರೆ. ಮರ್ಯಾದೆ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನನಗೆ ಆ ಕವರ್ ನೆನಪಾಗುತ್ತದೆ.

ಹಳೆಯ ಮದುವೆಯ ಬಗ್ಗೆ ಎಷ್ಟು ಹೇಳಬೇಕು ಎಂದಿರಿ. ಮೊದಲ ಭೇಟಿಯಲ್ಲಿ ಮೂರು ಸಾಲು. ಎಷ್ಟು ವರ್ಷ ಜೊತೆಗಿದ್ದಿರಿ, ಹೇಗೆ ಬಿಡುಗಡೆಯಾಯಿತು, ಮಗಳು ಯಾರ ಹತ್ತಿರ ಇದ್ದಾಳೆ. ಮುಂದುವರಿಯುವ ಮನಸ್ಸು ಇಬ್ಬರಿಗೂ ಇದೆ ಎಂದು ಗೊತ್ತಾದ ಮೇಲೆ, ಎರಡನೇ ಅಥವಾ ಮೂರನೇ ಭೇಟಿಯಲ್ಲಿ, ಅವನೊಬ್ಬನಿಗೇ ಪೂರ್ತಿ ಹೇಳಿ. ಹೊಡೆತ ಇತ್ತಾ, ಕುಡಿತ ಇತ್ತಾ, ಕೇಸುಗಳು ಇದ್ದವಾ, ಈಗಲೂ ಬಾಕಿ ಇವೆಯಾ, ಮಗಳ ತಂದೆ ನೋಡಲು ಬರುತ್ತಾರಾ. ನಿಮ್ಮ ಕಡೆಯ ತಪ್ಪೂ ಸ್ವಲ್ಪ ಇದ್ದರೆ ಅದನ್ನೂ. ಅವನ ಅಕ್ಕ, ಅವನ ದೊಡ್ಡಪ್ಪ, ಅವನ ಗೆಳೆಯನ ಹೆಂಡತಿಗೆ ಈ ಕತೆ ಬೇಕಿಲ್ಲ. ಅವರು ಕೇಳಿದರೆ "ಅವರಿಗೆ ಎಲ್ಲ ಹೇಳಿದ್ದೇನೆ" ಎಂದರೆ ಸಾಕು. ಆಗ ಅವನು ನಿಮ್ಮ ಪರ ನಿಲ್ಲುತ್ತಾನಾ, ಇಲ್ಲ ಅವರ ಜೊತೆ ಸೇರಿ ಕೆದಕುತ್ತಾನಾ ಎನ್ನುವುದು ಮದುವೆಗೆ ಮೊದಲೇ ಕಾಣುತ್ತದೆ. ಒಂದು ಮಾತು ಮಾತ್ರ ನೆನಪಿಡಿ, ಕೋರ್ಟಿನ ಫೈಲನ್ನು ಯಾರ ಕೈಗೂ ಕೊಡಬೇಡಿ. ಡಿಕ್ರಿ ತೋರಿಸುವುದು ಬೇರೆ, ಅರ್ಜಿಯಲ್ಲಿ ಇಬ್ಬರೂ ಸಿಟ್ಟಿನಲ್ಲಿ ಬರೆಸಿದ್ದನ್ನು ಓದಿಸುವುದು ಬೇರೆ.

ನೀವೂ ಅವನ ಬಗ್ಗೆ ವಿಚಾರಿಸಿ. ನಿಮ್ಮ ಸೋದರಮಾವ ಅವನ ಊರಿಗೆ ಹೋಗಲಿ, ಕೆಲಸದ ಜಾಗ ನೋಡಲಿ, ಓಣಿಯಲ್ಲಿ ಎರಡು ಮನೆಯವರನ್ನು ಮಾತಾಡಿಸಲಿ. "ಒಂದು ಸಂಬಂಧಕ್ಕ ವಿಚಾರಿಸ್ಲಿಕತ್ತೀವಿ" ಎಂದರೆ ಸಾಕು, ಯಾರ ಸಂಬಂಧ ಎಂದು ಹೇಳಬೇಕಿಲ್ಲ. ಆನ್‌ಲೈನಿನಲ್ಲಿ ಸಿಕ್ಕವನಾದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ವಿದೇಶದಲ್ಲಿದ್ದೇನೆ, ಗಿಫ್ಟ್ ಕಳಿಸಿದ್ದೇನೆ, ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿದೆ, ಸ್ವಲ್ಪ ದುಡ್ಡು ಹಾಕಿ ಎಂದ ಕೂಡಲೇ ಬ್ಲಾಕ್ ಮಾಡಿ. ಡೈವೋರ್ಸ್ ಆದ ಹೆಣ್ಣುಮಕ್ಕಳ ಹತ್ತಿರ ಪರಿಹಾರದ ದುಡ್ಡು ಇರುತ್ತದೆ ಎನ್ನುವ ಲೆಕ್ಕದ ಮೇಲೇ ಈ ಕಳ್ಳರು ಬರುತ್ತಾರೆ.

ದುಡ್ಡಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಹಳೆಯ ಗಂಡನಿಂದ ಒಂದೇ ಗಂಟಾಗಿ ಬಂದದ್ದು ಎಷ್ಟು ಎಂದು ಮೊದಲ ಭೇಟಿಗಳಲ್ಲಿ ಹೇಳುವ ಅಗತ್ಯವಿಲ್ಲ. ತಿಂಗಳ ಜೀವನಾಂಶ ಬರುತ್ತಿದ್ದರೆ ಮರುಮದುವೆಯಾದ ಮೇಲೆ ಅವನು ಅದನ್ನು ನಿಲ್ಲಿಸುವಂತೆ ಕೋರ್ಟನ್ನು ಕೇಳಬಹುದು. ಆದರೆ ಮಗಳ ಖರ್ಚಿನ ದುಡ್ಡು ಮಗಳ ಹಕ್ಕು, ನೀವು ಮದುವೆಯಾದಿರಿ ಎಂದು ಅದು ನಿಲ್ಲುವುದಿಲ್ಲ. "ಎರಡನೇ ಮದುವಿ ಅಲ್ಲೇನ್ರಿ, ಕೂಸು ಬ್ಯಾರೆ ಅದ, ಸ್ವಲ್ಪ ಜಾಸ್ತಿ ಕೊಡ್ರಿ" ಎನ್ನುವವರು ಬರುತ್ತಾರೆ. ಎರಡನೇ ಮದುವೆಗೆ ಕೇಳಿದರೂ ಅದು ವರದಕ್ಷಿಣೆಯೇ, 1961ರ ಕಾಯ್ದೆ ಅದಕ್ಕೂ ಅಷ್ಟೇ ಅನ್ವಯ. ಆ ಮಾತು ಬಂದ ಮನೆಗೆ ಎರಡನೇ ಸಲ ಹೋಗಬೇಡಿ. ನಿಮ್ಮ ಮಗಳಿಗೆ ಬೆಲೆ ಕಟ್ಟಿದವರು ಅವಳಿಗೆ ತುತ್ತು ಹಾಕುವಾಗಲೂ ಲೆಕ್ಕ ಇಡುತ್ತಾರೆ.

ಮಗಳು ನಿಮ್ಮಿಂದ ದೂರವಾಗುತ್ತಾಳಾ ಎನ್ನುವ ಹೆದರಿಕೆ ನಿಮಗಿರಬಹುದು, ಪತ್ರದಲ್ಲಿ ಬರೆಯದಿದ್ದರೂ. ತಾಯಿ ಮರುಮದುವೆಯಾದಳು ಎನ್ನುವ ಒಂದೇ ಕಾರಣಕ್ಕೆ ಕೋರ್ಟ್ ಮಗುವನ್ನು ಕಿತ್ತುಕೊಳ್ಳುವುದಿಲ್ಲ, ಮಗುವಿನ ಒಳಿತು ಎಲ್ಲಿದೆ ಎಂದು ನೋಡುತ್ತದೆ. ತಂದೆಗೆ ಭೇಟಿಯ ದಿನಗಳು ಡಿಕ್ರಿಯಲ್ಲಿದ್ದರೆ ಅವು ಹಾಗೇ ಮುಂದುವರಿಯುತ್ತವೆ, ಇದನ್ನು ಹೊಸ ಮನೆಯವರಿಗೆ ಮೊದಲೇ ಹೇಳಿ ಒಪ್ಪಿಸಿರಬೇಕು. ದತ್ತು ತೆಗೆದುಕೊಳ್ಳುವ ಮಾತಾದರೆ ತಂದೆ ಬದುಕಿರುವಾಗ ಅವನ ಒಪ್ಪಿಗೆಯೂ ಬೇಕು, ಅವಸರ ಬೇಡ. ಗಂಡ ತೀರಿಕೊಂಡು ಮರುಮದುವೆಯಾದ ತಾಯಿಯೊಬ್ಬರ ಕೇಸಿನಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್, ಮಗುವಿಗೆ ಯಾವ ಮನೆತನದ ಹೆಸರು ಇಡಬೇಕು ಎಂದು ತಾಯಿ ತೀರ್ಮಾನಿಸಬಹುದು, ದಾಖಲೆಯಲ್ಲಿ ಹೊಸ ಗಂಡನನ್ನು 'ಮಲತಂದೆ' ಎಂದು ಬರೆಸುವುದು ಮಗುವಿನ ಮನಸ್ಸಿಗೆ ಕ್ರೂರ ಎಂಬಂತೆ ಹೇಳಿತು. ನಿಮ್ಮ ಸಂದರ್ಭ ಬೇರೆ. ಆದರೂ ಮಗುವಿನ ಮನಸ್ಸು ಎಷ್ಟು ದೊಡ್ಡ ವಿಷಯ ಎಂದು ಕೋರ್ಟು ಹೇಗೆ ನೋಡಿತು ಅಂತ ಗೊತ್ತಿರಲಿ ಎಂದು ಹೇಳಿದೆ.

ಎಲ್ಲ ಒಪ್ಪಿಗೆಯಾದರೆ ಮದುವೆ ಹಗಲಲ್ಲಿ ಆಗಲಿ. ಗುಟ್ಟು ಅಲ್ಲಿಗೆ ಮುಗಿಯಬೇಕು. ಶರಣಬಸವೇಶ್ವರ ಗುಡಿಯೋ, ಗಾಣಗಾಪುರವೋ, ನಿಮ್ಮ ಮನೆಯ ಅಂಗಳವೋ, ಎಲ್ಲಿ ಮಾಡಿದರೂ ನಿಮಗೆ ಬೇಕಾದವರನ್ನು ಕರೆಯಿರಿ. ಸ್ಟಾಫ್ ರೂಮಿಗೂ ಒಂದು ಕಾರ್ಡ್ ಕೊಡಿ, ಆಗ ಅದು ನೀವೇ ಹೇಳಿದ ಸುದ್ದಿಯಾಗುತ್ತದೆ. ನಂತರ ಉಪನೋಂದಣಿ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸುವುದನ್ನು ಮುಂದೂಡಬೇಡಿ. ಎಲ್ಲ ಮದುವೆಗಳೂ ನೋಂದಣಿಯಾಗಬೇಕು ಎಂದು 2006ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಎರಡನೇ ಮದುವೆಗೆ ಇದು ಇನ್ನೂ ಮುಖ್ಯ. ಇಬ್ಬರೂ ಹಿಂದೂಗಳಾದರೆ ಶಾಸ್ತ್ರದಂತೆ ಮದುವೆಯಾಗಿ ರಿಜಿಸ್ಟರ್ ಮಾಡಿಸಿದರೆ ಸಾಕು. ಬೇರೆ ಧರ್ಮದವನಾದರೆ 1954ರ ವಿಶೇಷ ವಿವಾಹ ಕಾಯ್ದೆಯಡಿ ಹೋಗಬೇಕು, ಅದರಲ್ಲಿ 30 ದಿನ ಮೊದಲು ನೋಟಿಸ್ ಕೊಡಬೇಕು, ಅದನ್ನು ಕಚೇರಿಯ ಬೋರ್ಡಿಗೆ ಹಚ್ಚುತ್ತಾರೆ. ಹಾಗಾಗಿ ನೋಟಿಸ್ ಬೀಳುವ ಮೊದಲೇ ಮನೆಯ ಹತ್ತಿರದವರಿಗೆ ನೀವೇ ಹೇಳಿರಿ, ಬೋರ್ಡಿನಿಂದ ಅವರಿಗೆ ತಿಳಿಯಬಾರದು.

ಕೊನೆಗೆ ಮಗಳು. ನೋಡಲು ಬಂದವರೆಲ್ಲರ ಎದುರು ಅವಳನ್ನು ತರಬೇಡಿ, 'ಅಂಕಲ್‌ಗೆ ನಮಸ್ಕಾರ ಮಾಡು' ಎನ್ನಿಸಬೇಡಿ. ಮಾತು ಗಟ್ಟಿಯಾಗುವವರೆಗೆ ಅವಳಿಗೆ ಯಾವ ಮುಖವೂ ಗೊತ್ತಾಗಬೇಕಿಲ್ಲ. ಗಟ್ಟಿಯಾದ ಮೇಲೆ ನೀವೇ ಹೇಳಿ, ಅಜ್ಜಿಯಿಂದ ಹೇಳಿಸಬೇಡಿ. ರಾತ್ರಿ ಮಲಗುವ ಹೊತ್ತಿಗೆ ಬೇಡ, ಆಮೇಲೆ ಕತ್ತಲಲ್ಲಿ ಒಬ್ಬಳೇ ಯೋಚಿಸುತ್ತಾಳೆ. ರಜೆಯ ದಿನ ಬೆಳಿಗ್ಗೆ, ತಲೆ ಬಾಚುವಾಗ ಹೇಳಿ. "ಅಮ್ಮ ಒಬ್ಬರನ್ನ ಮದುವೆ ಆಗಬೇಕು ಅಂತ ಇದ್ದಾಳೆ. ನಾವು ಮೂರೂ ಜನ ಒಂದೇ ಮನೆಯಲ್ಲಿ ಇರ್ತೀವಿ. ನೀನು ನನ್ನ ಜೊತೆನೇ ಇರ್ತೀಯ. ನಿನ್ನ ಅಪ್ಪ ನಿನ್ನ ಅಪ್ಪನೇ." ಅವರನ್ನು ಏನೆಂದು ಕರೆಯಬೇಕು ಎಂದು ಕೇಳಿದರೆ, ನಿನಗೆ ಏನು ಇಷ್ಟವೋ ಹಾಗೆ ಕರಿ ಎನ್ನಿ. ಅಪ್ಪ ಎಂದು ಕರೆಯಲು ಹೇಳಿಕೊಡಬೇಡಿ. ನನ್ನನ್ನು ಅಜ್ಜಿ ಮನೆಯಲ್ಲಿ ಬಿಟ್ಟು ಹೋಗ್ತೀಯಾ ಎಂದು ಅವಳು ಕೇಳಿಯೇ ಕೇಳುತ್ತಾಳೆ, ಒಂದು ಸಲ ಅಲ್ಲ, ಹತ್ತು ಸಲ ಕೇಳುತ್ತಾಳೆ. ಹತ್ತು ಸಲವೂ ಬಾಚಣಿಗೆ ಕೆಳಗಿಟ್ಟು, ಅವಳ ಮುಖ ನೋಡಿ, ಇಲ್ಲ ಎನ್ನಿ. ಮೊದಲ ಸಲ ಅವರನ್ನು ಭೇಟಿ ಮಾಡಿಸುವಾಗ ನಮ್ಮೂರಿನ 'ಅಪ್ಪನ ಕೆರೆ' (ಶರಣಬಸವೇಶ್ವರ ಕೆರೆ) ಹತ್ತಿರ ಕರೆದುಕೊಂಡು ಹೋಗಿ, ಅರ್ಧ ಗಂಟೆ ಸಾಕು. ಅವಳು ಮನೆಗೆ ಹೋಗೋಣ ಎಂದರೆ ಯಾಕೆ ಎಂದು ಕೇಳದೆ ಎದ್ದು ಬನ್ನಿ.